ಎತೆರಿಯ ಎಡಗಿವಿ

ಓಜುರ್ಗೆತಿಯಲ್ಲಿ ಮುಚ್ಚಿಹೋದ ಚಹಾ ಕಾರ್ಖಾನೆಯ ಮೇಲಂತಸ್ತು.
ಎಲೆ ಬಾಡಿಸುತ್ತಿದ್ದ ಹಲಗೆಗಳೇ ಈಗ ಗೋಡೆಗೆ ಹೊದಿಕೆ;
ಬೇಸಿಗೆಯಲ್ಲಿ ಇನ್ನೂ ಒಗರು ವಾಸನೆ ಬಿಡುತ್ತವೆ.
ಅಲ್ಲಿ ನನ್ನ ಕೆಲಸ ತಂತಿ ಸುತ್ತುವುದು,
ಕುರ್ಚಿ ಕಿರುಗುಟ್ಟಿದರೆ ಎತ್ತಿ ಹೊರಗಿಡುವುದು,
ಎಡಕ್ಕೆ ಯಾರಿದ್ದಾರೆಂದು ಎತೆರಿಗೆ ಹೇಳುವುದು.

ಅವಳಿಗೆ ಎಡಗಿವಿ ಇಲ್ಲ.
ಇದೆ, ಓಲೆ ಹಾಕುವಷ್ಟು ಇದೆ. ಕೇಳಿಸುವುದಿಲ್ಲ.
ಹೇಗಾಯಿತೆಂದರೆ ಒಮ್ಮೆ ಜ್ವರ, ಒಮ್ಮೆ ಕಾರ್ಖಾನೆಯ ಸೈರನ್ನು,
ಕುಡಿದಿದ್ದರೆ ಅಪ್ಪ.
ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಭಾಗ್ಯ
ನಮ್ಮಂಥವರಿಗೆ. ಅವಳೊಳಗೆ ಹೋದದ್ದಕ್ಕೆ
ಹೊರಬಾಗಿಲಿಲ್ಲ.

ಹೀಗಿರುವವಳು
ಚಹಾ ಡಬ್ಬಿಯೊಳಗಿಂದ, ಹುರಿದ ಅಕ್ಕಿ ತುಂಬಿದ ಕಾಲುಚೀಲಗಳ ನಡುವಿಂದ
ಜೋಡಿ ಕಂಡೆನ್ಸರ್ ಮೈಕುಗಳನ್ನು ಎತ್ತಿಕೊಳ್ಳುತ್ತಾಳೆ.
ತೇವ ತಗುಲಿತೋ, ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತವೆ.
ಒಂದೇ ದಿನ ಒಂದೇ ಕೈ ಅಳೆದು ಜೊತೆಗೂಡಿಸಿದ ಅವಳಿಗಳು.
ಎದೆಯಲ್ಲಿ ಚಿನ್ನ ಬಳಿದ ಪೊರೆ,
ಈರುಳ್ಳಿಯ ಒಳಸಿಪ್ಪೆಗಿಂತ ತೆಳು;
ಪೊರೆಯ ಹಿಂದೆ ತಟ್ಟೆ, ನಡುವೆ ಕೂದಲೆಳೆಯ ಜಾಗ.
"ಮುಟ್ಟಿದರೆ ಮುಗಿಯಿತು," ಅನ್ನುತ್ತಾಳೆ,
"ಮುಟ್ಟದಷ್ಟೇ ಹತ್ತಿರ ಇರಬೇಕು."
ಅರ್ಥವಾಗಲಿಲ್ಲ, ತಲೆಯಾಡಿಸಿದೆ.
ಹಿತ್ತಾಳೆ ಕಿವಿಗಳೇ ತುಂಬಿದ ಊರಲ್ಲಿ ಇವೆರಡೇ ಚಿನ್ನದವು.

ಅಡ್ಡಪಟ್ಟಿಯ ಮೇಲೆ ಗೇಣಿಗೆ ಎರಡು ಬೆರಳು ಕಡಿಮೆ ಅಂತರ,
ಮೂತಿಗಳು ಹೊರಕ್ಕೆ, ಮುನಿಸಿಕೊಂಡ ಅಕ್ಕತಂಗಿಯರ ಹಾಗೆ.
ಅವಳ ತಲೆಯ ಅಗಲವೂ ಅಷ್ಟೇ;
ಒಮ್ಮೆ ದಾರ ಹಿಡಿದು ನಾನೇ ಅಳೆದಿದ್ದೇನೆ.

ಆ ಸೋಮವಾರ ಬಂದವರು ಪೊಲಿಕಾರ್ಪೆ, ಅಂಜೊರ್, ವಾಲಿಕೊ.
ಒಬ್ಬ ಜೇನು ಸಾಕುವವನು, ಒಬ್ಬ ಬಸ್ ಓಡಿಸಿ ನಿವೃತ್ತನಾದವನು,
ಇನ್ನೊಬ್ಬನ ಉದ್ಯೋಗ ಊರಿಗೇ ಗೊತ್ತಿಲ್ಲ.
ಹಾಡು ಮೆಕ್ಕೆಜೋಳದ ಕಳೆ ಕೀಳುವಾಗಿನದು, ನಾಲ್ಕು ದನಿಯದು;
ನಾಲ್ಕನೆಯವನು ಇಸ್ತಾಂಬುಲಿನಲ್ಲಿ ಲಾರಿ ತೊಳೆಯುತ್ತಾನೆ.
ಉಳಿದ ಮೂರು ದನಿ ಮೂರು ದಾರಿ ಹಿಡಿದು ಜಗಳಾಡುತ್ತ
ಕೊನೆಗೆ ಒಂದೇ ಸ್ವರದ ಬಾಗಿಲಲ್ಲಿ ಡಿಕ್ಕಿ ಹೊಡೆಯುತ್ತವೆ.
ವಾಲಿಕೊನದು ಮೇಲಿನ ದನಿ,
ಹುಂಜದ ಕೂಗನ್ನು ಮುರಿದು ಮರಳಿ ಜೋಡಿಸಿದ ಹಾಗೆ.
ಎಡಕ್ಕೆ ನಿಂತ. ಅವನು ಯಾವಾಗಲೂ ಎಡಕ್ಕೇ.

ಮುಗಿದ ಮೇಲೆ ಎತೆರಿ ಹೆಡ್‌ಫೋನ್ ಏರಿಸಿದಳು.
ಸರಿಯಾಗಿ ಒಮ್ಮೆ, ಹಿಂದುಮುಂದಾಗಿ ಇನ್ನೊಮ್ಮೆ,
ಎಡದ ಅರ್ಧ ಕೋಣೆಯನ್ನು ಬಲಗಿವಿಗೆ ಸುರಿದುಕೊಂಡು.
ಆಮೇಲೆ ಎರಡನ್ನೂ ಒಂದಕ್ಕೆ ಬೆರೆಸಿ;
ಕೂಡಿಸಿದಾಗ ಕಳೆಯುವುದೇನೆಂದು
ಮೊದಲು ತಿಳಿಯುವುದು ಅವಳಿಗೇ.

"ಮೂರನೇ ನುಡಿಯಲ್ಲಿ ವಾಲಿಕೊ ಅರ್ಧ ಹೆಜ್ಜೆ ಹಿಂದೆ ಸರಿದ."

"ಇಲ್ಲ," ಅಂದ ವಾಲಿಕೊ.
ನಾನೂ ಇಲ್ಲವೆಂದೆ. ಎದುರಿಗೇ ಇದ್ದೆ,
ಎರಡು ಕಣ್ಣು ಎರಡು ಕಿವಿ ಇಟ್ಟುಕೊಂಡು.
"ದನಿ ಅಷ್ಟೇ ಇದೆ. ಸುತ್ತ ಹಲಗೆ ಜಾಸ್ತಿಯಾಗಿದೆ."
ಅಂಜೊರ್ ಕೆಮ್ಮಿದ. ಪೊಲಿಕಾರ್ಪೆ ತನ್ನ ಬೂಟು ನೋಡಿಕೊಂಡ.

ಟೋಪಿ ಹಿಂಡುತ್ತ ವಾಲಿಕೊ ಹೇಳಿದ:
"ಮೇಲಿನದು ಈಗ ಸಿಗುತ್ತಿಲ್ಲ. ಹೋದ ದ್ರಾಕ್ಷಿ ಕೊಯ್ಲಿನಿಂದ.
ತುಸು ದೂರ ನಿಂತರೆ ಇವಕ್ಕೆ ಗೊತ್ತಾಗಲಿಕ್ಕಿಲ್ಲ ಅಂತ..."

ಎತೆರಿ ಎದ್ದು ಹೋಗಿ
ಸ್ಟ್ಯಾಂಡಿನ ಕಾಲನ್ನು ಅವನತ್ತ ನಾಲ್ಕು ಬೆರಳು ಸರಿಸಿದಳು.
"ಇನ್ನೊಮ್ಮೆ," ಅಂದಳು.

ಈ ಸಲ ದನಿ ಒಡೆಯಿತು.
ಒಡೆದದ್ದು ಮೊದಲು ಎಡದ ಪೊರೆಗೆ ತಾಗಿ,
ರೆಪ್ಪೆ ಬಡಿತದ ನೂರನೇ ಪಾಲು ತಡೆದು
ಬಲದ್ದಕ್ಕೆ ತಾಗಿರಬೇಕು;
ಇಲ್ಲದಿದ್ದರೆ ಈಗಲೂ ಪ್ರತಿ ಸಲ ಕೇಳುವಾಗ
ನಾನು ಆ ಕಡೆಗೇ ಯಾಕೆ ಕತ್ತು ಹೊರಳಿಸುತ್ತೇನೆ?

ಅವರು ಹೊರಟರು. ವಿದ್ಯುತ್ತು ಆರಿಸಿ ತಂತಿ ಸುತ್ತುತ್ತಿದ್ದೆ.
"ಹೋದರಾ?"
"ಹೋದರು. ವಾಲಿಕೊ ಮೆಟ್ಟಿಲ ಮೇಲೆ ಇನ್ನೂ ಗುನುಗುತ್ತಿದ್ದಾನೆ."
"ಯಾವ ಕಡೆ?"
"ಎಡಕ್ಕೆ."
ಅವಳು ಕುರ್ಚಿಯ ಸಮೇತ ತಿರುಗಿದಳು.